ನಾಲ್ಕು ಮೂಲೆಯ ಬೀಗ

ಹೆಸರು: ದೊವಾನ್ ಬಾ ಖ್ಯಾಮ್. ವಯಸ್ಸು: 44 ವರ್ಷ. ಉದ್ಯೋಗ: ಸ್ವಂತ ಕಂಟೇನರ್ ಲಾರಿಯ ಚಾಲಕ. ವಾಸ: ಬಂದರು ರಸ್ತೆಯ ಹಿಂಭಾಗ, ಹೈ ಫೋಂಗ್ ನಗರ, ವಿಯೆಟ್ನಾಂ.

ಈ ಮೂಲಕ ತಿಳಿಸುವುದೇನೆಂದರೆ, ನಿನ್ನೆ ನಾನು ಈ ಪೊಲೀಸ್ ಠಾಣೆಯಲ್ಲಿ ಕೊಟ್ಟ ಹೇಳಿಕೆ ಸುಳ್ಳು.

ನಿನ್ನೆ ಬೆಳಿಗ್ಗೆ 9 ಗಂಟೆ 10 ನಿಮಿಷಕ್ಕೆ ಬಂದರಿನ ಯಾರ್ಡಿನಲ್ಲಿ ಇಪ್ಪತ್ತಾರು ಟನ್ ಟೈಲ್ಸ್ ತುಂಬಿದ ಕಂಟೇನರನ್ನು ಕ್ರೇನಿನಿಂದ ನನ್ನ ಟ್ರೇಲರ್ ಮೇಲೆ ಇಳಿಸಲಾಯಿತು. ಟ್ರೇಲರಿನ ನಾಲ್ಕು ಮೂಲೆಯ ಬೀಗ ತಿರುಗಿಸಿದರೆ ಮಾತ್ರ ಕಂಟೇನರ್ ಕಚ್ಚಿಕೊಳ್ಳುತ್ತದೆ. ಅದನ್ನು ನೋಡಿ ಗೇಟು ಬಿಡುವುದು ತೊವಾ ಎಂಬ ಹೆಂಗಸಿನ ಕೆಲಸ. ಅವರು ಒಂದೊಂದು ಬೀಗವನ್ನೂ ಕೈಯಲ್ಲಿ ಅಲುಗಾಡಿಸಿ ನೋಡಿದರು. "ಆಮೇಲೆ ಬಿಚ್ಚಿದ್ರೆ ಕಿವಿ ಹಿಂಡ್ತೀನಿ ನೋಡು" ಎಂದರು. "ನಾನೇನು ಎಳೇ ಮಗೂನಾ ಅಕ್ಕಾ" ಎಂದೆ.

ಗೇಟಿನಿಂದ ಸುಮಾರು 300 ಮೀಟರ್ ದೂರದ ಐಸ್ ಟೀ ಅಂಗಡಿ ಬಳಿ ಲಾರಿ ನಿಲ್ಲಿಸಿ ನಾಲ್ಕೂ ಬೀಗ ತೆಗೆದೆ. ಇದನ್ನು ನಾನೊಬ್ಬನೇ ಮಾಡುವುದಲ್ಲ. ಬೀಗ ಹಾಕಿದ್ದರೆ ವಾಲಿದ ಕಂಟೇನರ್ ಲಾರಿಯನ್ನೂ ಎಳೆದುಕೊಂಡು ಬೀಳುತ್ತದೆ, ತೆಗೆದಿದ್ದರೆ ಅದೊಂದೇ ಬೀಳುತ್ತದೆ. "ಸರಕು ಯಾರದ್ದೋ, ಲಾರಿ ನಮ್ದು" ಎಂಬುದು ನಮ್ಮ ಚಾಲಕರ ಗಾದೆ. ದಾರಿಹೋಕರು ಯಾರವರು ಎಂದು ಆ ಗಾದೆಯಲ್ಲಿಲ್ಲ.

9-40ಕ್ಕೆ ಸೇತುವೆ ಕೆಳಗಿನ ತಿರುವಿನಲ್ಲಿ ನಾನು ವೇಗ ತಗ್ಗಿಸಲಿಲ್ಲ. ಕಂಟೇನರ್ ಎಡಕ್ಕೆ ಜಾರಿ ಬಿತ್ತು. ಪಕ್ಕದಲ್ಲಿ ಬೈಕಿನ ಮೇಲೆ ಏಡಿ ಬುಟ್ಟಿ ಒಯ್ಯುತ್ತಿದ್ದ ತುಯೆನ್ ಎಂಬವರ ಎರಡೂ ಕಾಲು ಅದರಡಿ ಸಿಕ್ಕವು. ಅವರು ನೀರು ಕೇಳಿದರು. ನೀರು ಕೊಡುವುದಕ್ಕೂ ಮೊದಲು ನಾನು ಖಾಲಿ ಟ್ರೇಲರಿನ ಸುತ್ತ ಓಡಿ ನಾಲ್ಕೂ ಬೀಗ ಮತ್ತೆ ತಿರುಗಿಸಿ ಹಾಕಿದೆ. ಆಗ ಏಡಿಗಳು ರಸ್ತೆ ದಾಟುತ್ತಿದ್ದವು.

ಬೀಗ ಮುರಿಯದೆ ಹಾಕಿದಂತೆಯೇ ಇದ್ದುದರಿಂದ, ಕಂಟೇನರ್ ಬೀಗಕ್ಕೆ ಕೂತೇ ಇರಲಿಲ್ಲ, ತೊವಾ ನೋಡದೆ ಗೇಟು ಬಿಟ್ಟರು ಎಂದು ತಾವು ಭಾವಿಸಿದಿರಿ. ತಾವು ಕೇಳಿದಾಗ ನಾನೂ ಹೌದೆಂದೆ. ಅವರನ್ನು ಠಾಣೆಗೆ ಕರೆತಂದಿರಿ.

ಇಂದು ಬೆಳಿಗ್ಗೆ 7 ಗಂಟೆಗೆ ಲಾರಿ ಬಿಡಿಸಿಕೊಳ್ಳಲು ಬಂದಾಗ ಅವರು ಇಲ್ಲಿನ ಬೆಂಚಿನ ಮೇಲಿದ್ದರು. ಉಗಿಯುತ್ತಾರೆ ಎಂದುಕೊಂಡಿದ್ದೆ. ಉಗಿದಿದ್ದರೆ ಸುಮ್ಮನೆ ಮನೆಗೆ ಹೋಗುತ್ತಿದ್ದೆನೇನೋ. ಅವರು ತಮ್ಮ ಬೆರಳುಗಳನ್ನೇ ನೋಡಿಕೊಳ್ಳುತ್ತ, "ನಂಗೆ ಗಟ್ಟಿ ಇದೆ ಅಂತಾನೇ ಅನ್ಸಿತ್ತು ಕಣೋ. ಈ ಕೈಗೆ ವಯಸ್ಸಾಯ್ತು. ಆ ಪಾಪದವನ ಕಾಲು ನನ್ನಿಂದ ಹೋಯ್ತಲ್ಲೋ" ಎಂದರು.

ಅವರ ಕೈಯಲ್ಲಿ ತಪ್ಪಿಲ್ಲ. ಗೇಟು ದಾಟುವಾಗ ನಾಲ್ಕೂ ಬೀಗ ಗಟ್ಟಿಯಾಗಿಯೇ ಇದ್ದವು. ನನ್ನ ಲಾರಿಗೆ ಒಂದು ಗೀರೂ ಬಿದ್ದಿಲ್ಲ.

ಬರೆದುಕೊಂಡದ್ದನ್ನು ನನಗೆ ಓದಿ ಹೇಳಿದ್ದಾರೆ. ನಾನು ಹೇಳಿದಂತೆಯೇ ಇದೆ, ಎಲ್ಲವೂ ನಿಜ. ಇದನ್ನು ಹೊರಗೆ ಬೆಂಚಿನ ಮೇಲಿರುವವರಿಗೂ ಈಗಲೇ ಓದಿ ಹೇಳಬೇಕೆಂದು ಕೋರುತ್ತೇನೆ. ನನಗೆ ಹೇಳಲು ಬಾಯಿ ಬರಲಿಲ್ಲ.

ಸ್ಥಳ: ಹೈ ಫೋಂಗ್
ದಿನಾಂಕ: 13-6-2023
ಸಹಿ: ದೊವಾನ್ ಬಾ ಖ್ಯಾಮ್