ಹಾದಿಗೆ ಬೇಲಿ ಹಾಕಿದ ಕ್ಯಾಪ್ಟನ್

ಕೋಟೆಯಿದ್ದ ಒಂದು ಊರು. ಕೋಟೆಯ ಮುಂದೆ ದೊಡ್ಡ ಬಯಲು. ಹಿಂದೆ ಅಲ್ಲಿ ದಂಡು ಬೀಡು ಬಿಡುತ್ತಿತ್ತಂತೆ. ಈಗ ಭಾನುವಾರ ಬಂತೆಂದರೆ ಊರ ಗಂಡಸರು ಕ್ರಿಕೆಟ್ ಆಡುತ್ತಾರೆ. ಅವರ ಕ್ಯಾಪ್ಟನ್ ಒಬ್ಬ ಸಾಹುಕಾರ, ಗೊಬ್ಬರದ ಅಂಗಡಿಯವನು. ಹೆಸರು ಬೇಕೆ? ಬೇಡ ಬಿಡಿ. ಹೆಸರು ಹೇಳಿದರೆ 'ಓ, ಅವನ ಕಥೆ, ನಮ್ಮದಲ್ಲ' ಎಂದು ನೀವು ಹಾಯಾಗಿ ಮಠದ ಗೋಡೆಗೆ ಒರಗಿಬಿಡುತ್ತೀರಿ.

ಸಾಹುಕಾರನಿಗೆ ನಲವತ್ತಾರು ದಾಟಿತ್ತು. ಮಂಡಿ ನೋಯುತ್ತಿತ್ತು. ಉಳಿದಿದ್ದ ಆಸೆ ಒಂದೇ. ಹಳ್ಳದಾಚೆಯ ಊರಿನವರು ಹನ್ನೊಂದು ವರ್ಷದಿಂದ ಸೋಲಿಸುತ್ತಲೇ ಬಂದಿದ್ದರು. ಅವರನ್ನು ಒಮ್ಮೆ, ಒಂದೇ ಒಂದು ಸಲ, ತನ್ನೂರ ಬಯಲಿನಲ್ಲಿ ಸೋಲಿಸಬೇಕು. ದೀಪಾವಳಿಯ ಮರುವಾರ ಪಂದ್ಯ. ಆಮೇಲೆ ಬ್ಯಾಟು ಅಟ್ಟಕ್ಕೆ.

ಆದರೆ ನೋಡಿ, ಊರ ಅಗಸಿ ಬಾಗಿಲಿನಿಂದ ಕೆರೆಗೆ ಹೋಗುವ ಕಾಲುಹಾದಿ ಆ ಬಯಲಿನ ನಡುವೆಯೇ ಹಾಯುತ್ತಿತ್ತು. ನಡುವೆ ಎಂದರೆ ಪಿಚ್ಚಿನ ಮೇಲೆಯೇ. ಹಾದಿಯಲ್ಲಿ ಯಾರು ಬಂದರೂ ಆಟ ನಿಲ್ಲಬೇಕೆಂಬುದು ಊರ ರೂಢಿ. ಬೌಲರ್ ಓಡಿ ಬರುತ್ತಿದ್ದರೂ ನಿಲ್ಲಬೇಕು. ಬಟ್ಟೆಯ ಗಂಟು ಹೊತ್ತವರು ಬಂದರೆ ನಿಲ್ಲಬೇಕು. ಕುರಿ ಹಿಂಡು ಬಂದರೆ ಕೊನೆಯ ಮರಿ ದಾಟುವ ತನಕ ನಿಲ್ಲಬೇಕು. ಎಮ್ಮೆ ಬಂದರೆ? ಎಮ್ಮೆ ಸೆಗಣಿ ಹಾಕಿ, ಅದನ್ನು ಎಮ್ಮೆಯ ಒಡತಿ ಫಕೀರವ್ವ ಬುಟ್ಟಿಗೆ ತುಂಬಿಕೊಳ್ಳುವ ತನಕ ನಿಲ್ಲಬೇಕು.

ಬೇಸಿಗೆಯ ಕೊನೆಯಲ್ಲಿ ಒಂದು ಭಾನುವಾರ ಸಾಹುಕಾರ ನಲವತ್ತೆಂಟು ರನ್ ಹೊಡೆದು ನಿಂತಿದ್ದ. ಐವತ್ತಕ್ಕೆ ಇನ್ನೆರಡು. ಫಕೀರವ್ವನ ನಾಲ್ಕು ಎಮ್ಮೆ ಬಂದವು.

“ಯವ್ವಾ, ಒಂದ್ ಓವರ್ ತಡಿಯವ್ವ!”

“ಎಮ್ಮಿಗೆ ಓವರ್ ತಿಳೀತೈತೇನ್ರಿ ಸಾವಕಾರ್ರ? ನೀರಡಿಸ್ಯಾವ. ನೀವ ಒಂಚೂರು ಬಾಜೂಕ ಸರೀರಿ.”

ಸರಿದ. ಕಾದ. ಮತ್ತೆ ಬಂದು ನಿಂತ. ಮುಂದಿನ ಚೆಂಡಿಗೇ ಬೋಲ್ಡ್.

ಮರುದಿನ ಹಾದಿಗೆ ಅಡ್ಡವಾಗಿ ಎರಡೂ ಕಡೆ ಜಾಲಿ ಮುಳ್ಳಿನ ಬೇಲಿ ಬಿತ್ತು.

“ಕೆರಿಗೆ ಹೋಗೋರು ಏನ್ ಮಾಡಬೇಕ್ರಿ?” ಎಂದು ತಂಡದವನೇ ಒಬ್ಬ ಕೇಳಿದ.

“ಕೋಟಿ ಹಿಂದ ಸುತ್ತು ಹಾಕಿ ಹೋಗ್ಲಿ. ಕಾಲಿಲ್ಲೇನು ಅವರಿಗೆ?”

ಹಾದಿಯ ಗುರುತೂ ಉಳಿಯಬಾರದೆಂದು ಸಾಹುಕಾರ ಕುಂಟೆ ಹೊಡೆಸಿ ನೆಲ ಸಮ ಮಾಡಿಸಿದ, ರೋಲರ್ ಎಳೆಸಿದ. ಮಳೆಗಾಲವೆಲ್ಲ ಬೇಲಿಯ ಪಕ್ಕ ನಿಂತು ಬೋಳು ಬಯಲನ್ನು ಕಣ್ತುಂಬ ನೋಡಿದ. ಆಹಾ, ಎಮ್ಮೆಯಿಲ್ಲ, ಕುರಿಯಿಲ್ಲ, ಒಂದು ನರಪಿಳ್ಳೆಯಿಲ್ಲ. ಎಂಥ ನೆಮ್ಮದಿ!

ಮಳೆ ನಿಂತಿತು. ಬಿಸಿಲು ಬಿತ್ತು. ಕಪ್ಪು ಎರೆ ಮಣ್ಣು ತಾನೆ? ಬಾಯಿ ಬಿಟ್ಟಿತು. ಮತ್ತೆ ನೀರು ಹೊಡೆಸಿದ, ಮತ್ತೆ ರೋಲರ್ ಎಳೆಸಿದ. ಒಣಗಿದ ಕೂಡಲೇ ಮತ್ತೆ ಬಾಯಿ ಬಿಟ್ಟಿತು.

ಪಂದ್ಯದ ದಿನ ಹಳ್ಳದಾಚೆಯ ಕ್ಯಾಪ್ಟನ್ ಬಂದು ಪಿಚ್ಚಿನ ಮೇಲೆ ಕುಕ್ಕರುಗಾಲಲ್ಲಿ ಕುಳಿತ. ಬಿರುಕಿನೊಳಗೆ ಮಣಿಕಟ್ಟಿನ ತನಕ ಕೈ ಇಳಿಸಿದ. ಚೆಂಡನ್ನು ನೆಲಕ್ಕೆ ಎಸೆದು ನೋಡಿದ. ಚೆಂಡು ಅಲ್ಲೇ ಕುಳಿತುಬಿಟ್ಟಿತು.

“ಸಾವಕಾರ್ರ, ನಮ್ಮನ್ನ ಆಡಾಕ ಕರದೀರೋ, ಬಿಳಿಜ್ವಾಳ ಬಿತ್ತಾಕ ಕರದೀರೋ?”

ಎರಡೂ ತಂಡದವರು ನಕ್ಕರು. ಪಂದ್ಯ ಹಳ್ಳದಾಚೆಗೆ ಹೋಯಿತು. ಅಲ್ಲಿ ಹನ್ನೆರಡನೆಯ ಸೋಲೂ ಆಯಿತು.

ಸಂಜೆ ಸಾಹುಕಾರ ಅಗಸಿಯ ಕಟ್ಟೆಯ ಮೇಲೆ ಸಪ್ಪಗೆ ಕುಳಿತಿದ್ದಾಗ, ಹಿಂದೆ ಊರಿಗೆ ಮೊದಲು ಬ್ಯಾಟು ತಂದಿದ್ದ ಮುದುಕ ಪಕ್ಕಕ್ಕೆ ಬಂದು ಕುಳಿತ. “ತಮ್ಮಾ, ಎರಿ ಭೂಮ್ಯಾಗ ಗಟ್ಟಿ ನೆಲ ಎಲ್ಲಿರತೈತಿ? ಮಂದಿ ತುಳದಲ್ಲೆ ಇರತೈತಿ. ಅದಕ್ಕ ನಾವು ಹುಡುಕಿ ಹುಡುಕಿ ಹಾದಿ ಮ್ಯಾಲೇ ಸ್ಟಂಪ್ ನೆಟ್ಟಿದ್ವಿ. ಅದನ್ನ ನೀ ಕುಂಟಿ ಹೊಡದು ಹರಗಿ ಕುಂತಿ!”

ಸಾಹುಕಾರನಿಗೆ ನಾಚಿಕೆಯಾಯಿತು. ತನ್ನ ಕೈಯಿಂದಲೇ ಮುಳ್ಳು ಎಳೆದು ಹಾಕಿದ. ಕೈ ಪರಚಿಕೊಂಡೇ ಫಕೀರವ್ವನ ಮನೆಗೆ ಹೋದ. “ಯವ್ವಾ, ಬೇಲಿ ತಗದೇನಿ. ನಾಳಿಂದ ಎಮ್ಮಿ ಹಳೇ ಹಾದಿಗೇ ಹೊಡಕೊಂಡು ಬಾ.”

ಅವಳು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಅವನಿಗೆ ಹಗುರವಾಗುತ್ತಿತ್ತು.

“ಚಲೋ ಆತು ಬಿಡ್ರಿ. ಆದ್ರ ಎಮ್ಮಿಗೆ ಈಗ ಕೋಟಿ ಹಿಂದಿನ ಹಾದಿ ರೂಢಿ ಆಗೇತ್ರಿ. ನಾ ತಿರುಗಿಸಿದ್ರೂ ಅವು ತಿರಗಂಗಿಲ್ಲ.”

ನಗುತ್ತೀರಲ್ಲ? ನಗಿ, ನಗಿ. ಎಮ್ಮೆಯ ಮಾತು ಬಂದರೆ ನಿಮಗೆ ನಗು. ಎಷ್ಟು ವರ್ಷದಿಂದ ಹೇಳುತ್ತಿದ್ದೇನೆ ನಾನು, ಯಾರಿಗೆ ಹೇಳುತ್ತಿದ್ದೇನೆ? ಒಂದು ಬಟ್ಟಲು ಸಕ್ಕರೆಗೆಂದು ಬರುತ್ತಿದ್ದ ಪಕ್ಕದ ಮನೆಯಾಕೆ ಬರುವುದನ್ನು ಬಿಟ್ಟಳು. ಪೀಡೆ ಕಳೆಯಿತು ಎಂದಿರಿ. ನೀವು ಬಿದ್ದು ಸೊಂಟ ಮುರಿದುಕೊಂಡ ದಿನ ಆ ಬಾಗಿಲು ಬಡಿಯಲು ನಿಮಗೆ ಮುಖವಿರುತ್ತದೆಯೆ? ಮಗಳು ಶಾಲೆಯಿಂದ ಬಂದು ಏನೋ ಹೇಳಲು ಬಾಯಿ ತೆರೆದರೆ ಮೊಬೈಲಿನಿಂದ ಕಣ್ಣೆತ್ತದೆ 'ಆಮೇಲೆ' ಎನ್ನುತ್ತೀರಿ. ಅವಳು ಎಷ್ಟು ದಿನ ಬಂದಾಳು? ನಿನ್ನೆ ಕೂಸು ಅತ್ತಿತೆಂದು ಆ ತಾಯಿಯನ್ನು ಇದೇ ಮಠದಿಂದ ಎಬ್ಬಿಸಿ ಕಳಿಸಿದವರು ಯಾರು? ತಲೆ ತಗ್ಗಿಸಬೇಡಿ, ನಾನು ನೋಡಿದ್ದೇನೆ. ನನ್ನ ಪ್ರವಚನ ಕೇಳಲು ಅಡ್ಡಿಯಾಯಿತಂತೆ! ಕೇಳಿ ಏನು ಮಾಡಿದಿರಿ?

ನಾಳೆ ನೀವು ಕೆಲಸದಲ್ಲಿ ಮುಳುಗಿರುವಾಗ ಯಾರಾದರೂ ಬಂದು ನಿಂತರೆ ತಲೆ ಎತ್ತಿ. ಕೈಯಲ್ಲಿದ್ದುದನ್ನು ಕೆಳಗಿಡಿ. 'ಬರ್ರಿ, ಕೂಡ್ರಿ' ಎನ್ನಿ. ನೀವು ನಿಂತಿರುವ ನೆಲ ಗಟ್ಟಿಯಾದದ್ದು ಆ ಕಾಲುಗಳಿಂದ. ಬರುವುದನ್ನು ಈಗಾಗಲೇ ಬಿಟ್ಟವರಿದ್ದಾರಲ್ಲ, ಅವರು ಬರಲೆಂದು ಕಾಯಬೇಡಿ. ನೀವೇ ಅವರ ಬಾಗಿಲಿಗೆ ಹೋಗಿ. ಒಂದು ದಿನ ಹೋಗಿ ಬಂದು 'ಹೋಗಿದ್ದೆವು ಅಜ್ಜಾರ' ಎಂದು ನನಗೆ ಹೇಳಬೇಡಿ. ಒಂದು ದಿನ ನಡೆದರೆ ಹಾದಿ ಬೀಳುವುದಿಲ್ಲ. ದಿನಾ ಹೋಗಿ.