ಜೇಬಿನಲ್ಲಿದ್ದ ಬೀಗದ ಕೈ

ಒಂದು ಊರು, ಅಲ್ಲೊಬ್ಬ ಶ್ರೀಮಂತ. ಅವನ ಹೆಸರು ನಾನು ಹೇಳುವುದಿಲ್ಲ. ನಮ್ಮ ಕರ್ತನು ಶ್ರೀಮಂತ ಮತ್ತು ಬಡವನ ಸಾಮ್ಯದ ಕತೆ ಹೇಳುವಾಗಲೂ ನೋಡಿ, ಬಡವನ ಹೆಸರು ಹೇಳಿದ, ಶ್ರೀಮಂತನದು ಹೇಳಲಿಲ್ಲ. ಯಾಕಿರಬಹುದು? ಆ ಜಾಗದಲ್ಲಿ ನಾವು ನಮ್ಮ ನಮ್ಮ ಹೆಸರು ಹಾಕಿಕೊಳ್ಳಲಿ ಎಂದಿರಬೇಕು.

ಈ ಶ್ರೀಮಂತ ಊರಿನ ಚರ್ಚಿನ ಸಭೆಯ ಹಿರಿಯ. ಕುಡಿತವಿಲ್ಲ, ಜೂಜಿಲ್ಲ. ಒಂದೇ ಚಟ, ಪುಸ್ತಕ. ಎಂಥ ಪುಸ್ತಕ? ಸತ್ಯವೇದದ ವ್ಯಾಖ್ಯಾನ, ದೇವಶಾಸ್ತ್ರ, ಸಭೆಯ ಚರಿತ್ರೆ. ಗೋಡೆ ತುಂಬ ಹಲಸಿನ ಮರದ ಕಪಾಟು, ಕಪಾಟಿನ ತುಂಬ ಪುಸ್ತಕ. ಯಾವ ಶತಮಾನದಲ್ಲಿ ಯಾವ ಸಭೆ ಯಾಕೆ ಒಡೆಯಿತು ಎಂದು ಕೇಳಿದರೆ ಉತ್ತರ ನಾಲಿಗೆಯ ತುದಿಯಲ್ಲಿ! ಪ್ರಸಂಗ ಮಾಡುವಾಗ ಸಭಾಪಾಲಕರೇ ಅವನ ಮುಖ ನೋಡಿ ನೋಡಿ ಮಾತಾಡುತ್ತಿದ್ದರು, ಎಲ್ಲಿ ತಪ್ಪು ಹಿಡಿಯುತ್ತಾನೋ ಎಂದು. ನಗಬೇಡಿ, ಅಂಥವರು ನನಗೆ ಇಲ್ಲೂ ಕಾಣುತ್ತಿದ್ದಾರೆ.

ಅವನ ಮುದಿ ತಾಯಿಗೆ ಕಣ್ಣು ಕಾಣುತ್ತಿರಲಿಲ್ಲ. ದಿನಾ ಸಂಜೆ ಅವಳ ಪಕ್ಕ ಕೂತು, ಇಂಗ್ಲಿಷ್ ಪುಸ್ತಕವನ್ನು ಅಲ್ಲಲ್ಲೇ ಕನ್ನಡ ಮಾಡಿ ಓದಿ ಹೇಳುವುದು ಅವನ ರೂಢಿ. ಒಳ್ಳೆಯ ಮಗ, ಇಲ್ಲವೆನ್ನುವುದಿಲ್ಲ.

ಆ ಕಪಾಟು ಮಾಡಿದ ಬಡಗಿಯ ಹೆಸರು ಯೋವೇಲ. ಒಂದು ಬೆಳಿಗ್ಗೆ ಯೋವೇಲ ತೀರಿಕೊಂಡ. ಕೆಲವು ವರ್ಷಗಳಿಂದ ಅವನು ಸಭೆ ಬಿಟ್ಟು, ಊರಾಚೆ ತಗಡಿನ ಮಾಡಿನ ಕೆಳಗೆ ಚಪ್ಪಾಳೆ ತಟ್ಟಿ ಹಾಡುವ ಹೊಸ ಸಭೆಗೆ ಹೋಗುತ್ತಿದ್ದ. ಹೊಸ ಸಭೆಗೆ ಹಾಡಿತ್ತು, ಸ್ಮಶಾನವಿರಲಿಲ್ಲ. ಹೂಳುವುದೆಲ್ಲಿ? ಅವನ ಹೆಂಡತಿ ಹಳೆಯ ಸಭೆಯ ಬಾಗಿಲಿಗೇ ಬಂದಳು. ಸಭಾಪಾಲಕರು ಪರಊರಿನಲ್ಲಿದ್ದರು. ಹಿರಿಯರು ಸೇರಿದರು. ಶ್ರೀಮಂತನೇ ಬಾಯಿ ಬಿಟ್ಟ.

“ಇರೋವಾಗ ಬೇಡವಾದ ಸಭೆ ಸತ್ತ ಮೇಲೆ ಯಾಕಮ್ಮ ಬೇಕು? ಇವತ್ತು ಬಿಟ್ರೆ ನಾಳೆ ಎಲ್ರೂ ಹಿಂಗೇ ಮಾಡ್ತಾರೆ. ಆಗಲ್ಲ.”

ಉಳಿದವರು ತಲೆಯಾಡಿಸಿದರು. ಅಷ್ಟು ಓದಿದವನೇ ಹೇಳಿದ ಮೇಲೆ ಇನ್ನೇನಿದೆ? ಅವನು ಸ್ಮಶಾನದ ಗೇಟಿಗೆ ಬೀಗ ಜಡಿದು, ಬೀಗದ ಕೈಯನ್ನು ಜೇಬಿಗಿಳಿಸಿ ಮನೆಗೆ ಬಂದ. ಕಾಫಿ ಕುಡಿದ. ಪುಸ್ತಕ ತೆಗೆದ.

ಆ ದಿನದ ಅಧ್ಯಾಯ ಯಾವುದೋ ದೂರ ದೇಶದ ಹಳೆಯ ಕಾಲದ ಸಭೆಯೊಂದರದು. ಬೇರೆ ಬೋಧಕನ ಹಿಂದೆ ಹೋದವನೊಬ್ಬ ಸತ್ತಾಗ ಸಭೆಯವರು ಸ್ಮಶಾನದ ಬಾಗಿಲು ಮುಚ್ಚಿದರಂತೆ. ಹೆಂಡತಿ ಹೆಣ ಇಟ್ಟುಕೊಂಡು ಬಾಗಿಲ ಮುಂದೆಯೇ ಕೂತಳಂತೆ. ಓದುತ್ತ ಓದುತ್ತ ಶ್ರೀಮಂತನಿಗೆ ಎಂಥ ಕಲ್ಲೆದೆಯವರು, ಇವರೂ ಕ್ರೈಸ್ತರೇ ಎಂದು ಮೈಯೆಲ್ಲ ಉರಿಯಿತು. ಕಣ್ಣಲ್ಲಿ ನೀರು ಬಂತು. ಕೇಳಿಸಿಕೊಂಡಿರಾ? ಅವನು ಅತ್ತ!

ತಾಯಿಯೂ ಸೆರಗಿನಿಂದ ಕಣ್ಣೊರೆಸಿಕೊಂಡಳು. ಯೋವೇಲ ಸತ್ತ ಸುದ್ದಿ ಅವಳ ಕಿವಿಗೆ ಬಿದ್ದಿತ್ತು. ಹಿರಿಯರ ತೀರ್ಮಾನ ಬಿದ್ದಿರಲಿಲ್ಲ.

“ಅಯ್ಯೋ ಮಗಾ, ನಮ್ಮ ಯೋವೇಲನ್ನ ಇನ್ನೂ ಮಣ್ಣು ಮಾಡ್ಲಿಲ್ವಾ? ಆ ಹುಡುಗಿ ಇನ್ನೂ ಗೇಟ್ ಹತ್ರಾನೇ ಕೂತವ್ಳಾ?”

“ಅಮ್ಮಾ, ಇದು ಪುಸ್ತಕದಲ್ಲಿ...”

“ಯಾರಪ್ಪಾ ಆ ಪಾಪಿ, ಬಾಗ್ಲು ಮುಚ್ಚಿದೋನು? ನಮ್ ಸಭೆನಲ್ಲಿ ಇಂಥೋರೂ ಅವ್ರಾ? ನೀನ್ ಹೋಗಿ ಒಂದ್ ಮಾತು ಹೇಳು ಮಗಾ. ಓದಿದೋನು, ನಿನ್ ಮಾತು ಕೇಳ್ತಾರೆ.”

ಅವನು ಮತ್ತೆ ಪುಸ್ತಕ ನೋಡಿದ. ಪುಟದ ಮೇಲಿನ ಅಕ್ಷರಗಳು ಅವೇ. ಆದರೆ ಗೇಟು ತನ್ನೂರಿನದು, ಹೆಣ ಯೋವೇಲನದು, ಬೀಗ ತಾನೇ ಹಾಕಿದ್ದು! ಇಷ್ಟು ಹೊತ್ತು ತಾನು ಶಪಿಸಿದ್ದು ಯಾರನ್ನು? ಪುಸ್ತಕ ಎಲ್ಲಿ ಬಿತ್ತೋ, ಚಪ್ಪಲಿ ಎಲ್ಲಿ ಉಳಿಯಿತೋ, ಎದ್ದು ಓಡಿದ.

ಗೇಟಿನ ಮುಂದೆ ಉದುರಿದ ಸೇವಂತಿಗೆ ಎಸಳು ಬಿಟ್ಟರೆ ಏನೂ ಇರಲಿಲ್ಲ. ಕಾದು ಕಾದು ಯೋವೇಲನನ್ನು ಪುರಸಭೆಯ ಸ್ಮಶಾನಕ್ಕೆ ಒಯ್ದಿದ್ದರು. ಅಲ್ಲಿಗೂ ಓಡಿದ. ಕೊನೆಯ ಬುಟ್ಟಿ ಮಣ್ಣು ಬೀಳುತ್ತಿತ್ತು. ಅವನು ಬೀಗದ ಕೈಯನ್ನು ಮುಂದೆ ಹಿಡಿದ. ಯೋವೇಲನ ಹೆಂಡತಿ ಅದನ್ನೇ ನೋಡಿದಳು.

“ಅಪ್ಪನ ಪಕ್ಕ ಮಲಗ್ಸು ಅಂತ ಕೇಳ್ಕೊಂಡಿದ್ರು ಅಣ್ಣಾ, ಸಾಯೋ ಮುಂಚೆ. ಅವ್ರಪ್ಪ ಅಲ್ಲಿ ಒಳಗವ್ರೆ. ಇವ್ರು ಇಲ್ಲಿ.”

ಅಷ್ಟೇ ಅಂದಳು. ಬೈಯಲಿಲ್ಲ. ಬೈದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ.

ಪ್ರಿಯರೇ, ಆ ಶ್ರೀಮಂತ ನಿಜವಾಗಿ ಕಲ್ಲೆದೆಯವನಾಗಿದ್ದರೆ ನನಗೆ ಇಷ್ಟು ಗಾಬರಿಯಾಗುತ್ತಿರಲಿಲ್ಲ. ಅವನು ಅತ್ತನಲ್ಲ! ಅಳುವಾಗಲೂ ಬೀಗದ ಕೈ ಜೇಬಿನಲ್ಲೇ ಇತ್ತಲ್ಲ! ಹಾಗಾದರೆ ನಮ್ಮ ಕಣ್ಣೀರನ್ನು ನಂಬುವುದು ಹೇಗೆ? ಹೇಳಿ, ಹೇಗೆ?

ಪುಸ್ತಕ ಓದಬೇಡಿ ಅನ್ನುತ್ತಿಲ್ಲ. ‘ಪಾಸ್ಟರೇ ಹೇಳಿದರು’ ಎಂದು ಸತ್ಯವೇದವನ್ನು ಅಟ್ಟಕ್ಕೆ ಹಾಕೀರಿ, ಜೋಕೆ! ಓದಿ, ಇನ್ನೂ ಹೆಚ್ಚು ಓದಿ. ಆದರೆ ಒಬ್ಬರೇ ಮನಸ್ಸಿನಲ್ಲಿ ಓದಿ ಮುಗಿಸಬೇಡಿ. ಮನೆಯವರಿಗೆ ಕೇಳಿಸುವಂತೆ ಓದಿ, ಆಮೇಲೆ ಅವರನ್ನೇ ಕೇಳಿ, ‘ಇದು ನಮ್ಮ ಸುದ್ದಿಯಾ?’ ಹೌದು ಅಂದರೆ ಮುಂದಿನ ಪುಟ ತಿರುಗಿಸಬೇಡಿ, ಎದ್ದು ಹೊರಡಿ. ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ನಿಮ್ಮ ಓಣಿಯಲ್ಲಿ ಸಭೆ ಬಿಟ್ಟು ಹೋದವರ ಮನೆ ಯಾವುದು? ಕ್ರಿಸ್ಮಸ್ಸಿಗೆ ಕಜ್ಜಾಯದ ತಟ್ಟೆ ಕಳಿಸುವುದನ್ನು ನೀವು ನಿಲ್ಲಿಸಿದ ಮನೆ? ಇವತ್ತು ಇಲ್ಲಿಂದ ನೇರ ಅಲ್ಲಿಗೆ ಹೋಗಿ. ಊಟ ಆಮೇಲೆ ಮಾಡಿ. ಅವರಿನ್ನೂ ಬದುಕಿದ್ದಾರೆ, ಬಾಗಿಲು ತೆರೆಯುತ್ತಾರೆ.

ಈಗ ಪ್ರಾರ್ಥನೆ ಮಾಡೋಣ. ಕಣ್ಣು ಮುಚ್ಚುವ ಮೊದಲು ಒಮ್ಮೆ ಜೇಬು ಮುಟ್ಟಿ ನೋಡಿಕೊಳ್ಳಿ.