ಸೋಮವಾರದ ನೀರಿನ ಕ್ಯಾನು

ಅಧ್ಯಕ್ಷತೆ ವಹಿಸಿರುವ ಮುಖ್ಯೋಪಾಧ್ಯಾಯರೇ, ಉಪ್ಪಿನ ಸಹಕಾರ ಸಂಘದ ಹಿರಿಯರೇ, ಉಪ್ಪಿನ ಇಟ್ಟಿಗೆಯ ಈ ಸಭಾಂಗಣದಲ್ಲಿ ಒತ್ತಿಕೊಂಡು ಕೂತಿರುವ ಸಭಿಕರೇ,

ನಿವೃತ್ತಿಯ ದಿನವೂ ಪಾಠ ಮಾಡುತ್ತಾಳಲ್ಲ ಎಂದು ಬೈದುಕೊಳ್ಳಬೇಡಿ. ಪೊಟೊಸಿ ನಗರದಲ್ಲಿರುವ ತಂಗಿಯ ಮನೆಗೆ ಹೋಗಲು ಸಂಜೆ ಉಯುನಿ ಪೇಟೆಯಲ್ಲಿ ಬಸ್ಸು ಹಿಡಿಯಬೇಕು. ನನ್ನ ಟ್ರಂಕು ಆಗಲೇ ದೋನ್ ಕಸಿಮಿರೊ ಅವರ ಲಾರಿ ಏರಿದೆ. ಏರಿಸುವಾಗ ಅವರು, "ಹೋಗ್ಲೇಬೇಕಾ ಟೀಚರ್?" ಎಂದರು. "ಟಿಕೆಟ್ ತಗೊಂಡಾಯ್ತಲ್ಲ," ಎಂದೆ. ಅದೂ ಒಂದು ಉತ್ತರವೇ? ಇರಲಿ, ರಸಾಯನಶಾಸ್ತ್ರಕ್ಕೆ ಬರೋಣ.

ಉಪ್ಪು, ಸಕ್ಕರೆ ಎರಡೂ ಬಿಳಿ, ಎರಡೂ ನೀರಿನಲ್ಲಿ ಕರಗುತ್ತವೆ. ಗುರುತಿಸುವುದು ಹೇಗೆ? ಉಪ್ಪಿನಲ್ಲಿ ಸೋಡಿಯಂ ಎಂಬ ಲೋಹ ತನ್ನ ಇಲೆಕ್ಟ್ರಾನನ್ನು ಕೊಟ್ಟುಬಿಡುತ್ತದೆ, ಕ್ಲೋರಿನ್ ಎಂಬ ಅಲೋಹ ಅದನ್ನು ಇಟ್ಟುಕೊಳ್ಳುತ್ತದೆ. ಅದು ಅಯಾನಿಕ ಬಂಧ. ಸಕ್ಕರೆಯಲ್ಲಿ ಲೋಹವೇ ಇಲ್ಲ. ಇರುವವರೆಲ್ಲ ಇಲೆಕ್ಟ್ರಾನುಗಳನ್ನು ಹಂಚಿಕೊಂಡು ಬಾಳುತ್ತಾರೆ. ಅದು ಸಹವೇಲೆನ್ಸೀಯ ಬಂಧ. ಉಪ್ಪುನೀರಿಗೆ ತಂತಿ ಇಳಿಬಿಟ್ಟರೆ ಬಲ್ಬು ಹತ್ತುತ್ತದೆ, ಸಕ್ಕರೆ ನೀರಿಗೆ ಹತ್ತುವುದಿಲ್ಲ.

ಹತ್ತುವುದಿಲ್ಲವೇ? ಇಲ್ಲಿ ನಾನು ಮಾಡಿದ ಮೊದಲ ಪಾಠದಲ್ಲಿ ಸಕ್ಕರೆ ನೀರಿಗೂ ಜಗ್ಗನೆ ಹತ್ತಿತು. "ನಮ್ಮೂರಲ್ಲಿ ಏನ್ ಹಾಕಿದ್ರೂ ಹತ್ತುತ್ತೆ ಟೀಚರ್," ಎಂದು ಮಕ್ಕಳಿಗೆ ಹೆಮ್ಮೆಯೋ ಹೆಮ್ಮೆ. ಎಲ್ಲರೂ ಹೋದ ಮೇಲೆ ಲೋಟವನ್ನು ಬಾಯಿಗಿಟ್ಟೆ. ಶಾಲೆಯ ಬಾವಿಯ ನೀರೇ ಉಪ್ಪು. ಊರಿಗೆಲ್ಲ ಗೊತ್ತು; ಹೊಸಬಳಿಗೆ ಹೇಳಬೇಕೆಂದು ಯಾರಿಗೂ ತೋಚಿರಲಿಲ್ಲ.

ಉಯುನಿಗೆ ಉಪ್ಪು ಸಾಗಿಸುತ್ತಿದ್ದ ದೋನ್ ಕಸಿಮಿರೊ ಅವರಿಗೆ, ಬರುವಾಗ ಒಂದು ಕ್ಯಾನು ಸಿಹಿನೀರು ತನ್ನಿ ಎಂದೆ. ಮಡದಿಯನ್ನು ಕಳೆದುಕೊಂಡ ಮನುಷ್ಯ, ಮಾತು ಕಡಿಮೆ. ಸೋಮವಾರ ತಂದರು. ಮುಂದಿನ ಸೋಮವಾರವೂ ತಂದರು. ಆ ನೀರಿನಲ್ಲಿ ಸಕ್ಕರೆ ತೆಪ್ಪಗಿತ್ತು, ಬಲ್ಬು ಕಣ್ಣು ಬಿಡಲಿಲ್ಲ. ಉಳಿದ ನೀರನ್ನು ಕಾಯಿಸಿ ಕೋಕಾ ಎಲೆ ಹಾಕಿ ಎರಡು ಲೋಟ ಚಹಾ ಮಾಡುತ್ತಿದ್ದೆ. ನೀರು ಹಾಳಾಗಬಾರದಲ್ಲ. ನಗಬೇಡಿ.

ಶಾಲೆಗೆ ಸಿಹಿನೀರಿನ ನಲ್ಲಿ ಬಂದು ಎಷ್ಟೋ ವರ್ಷವಾಯಿತು ಎಂದು ಹಿಂದಿನ ಸಾಲಿನವರು ಗೊಣಗುವುದು ಬೇಡ. ನನಗೆ ಗೊತ್ತು. ಅವರಿಗೆ ಗೊತ್ತಿರಲಿಲ್ಲವೇ? ಕೊಳವೆ ಹೂಳಿದವರಲ್ಲಿ ಅವರೂ ಒಬ್ಬರು. ಆದರೂ ತರುವುದನ್ನು ಅವರು ನಿಲ್ಲಿಸಲಿಲ್ಲ, ಸಾಕು ಎಂದು ನಾನೂ ಹೇಳಲಿಲ್ಲ. ಈ ಸೋಮವಾರವೂ ಕ್ಯಾನು ಬಂತು. ಪೊಟೊಸಿಯಲ್ಲಿ ಸೋಮವಾರ ಬರುತ್ತದೆ, ಕ್ಯಾನು ಬರುವುದಿಲ್ಲ. ಇದನ್ನು ಹೇಳಬೇಕೆಂದು ನಾನು ಬಂದಿರಲಿಲ್ಲ.

ನೀರಿನ ಬಂಧ ಯಾವುದು ಎಂದು ಯಾರೂ ಕೇಳಲಿಲ್ಲ. ಅದೂ ಹಂಚಿಕೊಳ್ಳುವ ಜಾತಿಯದೇ. ಇಷ್ಟು ವರ್ಷ ಕಲಿಸಿದವಳಿಗೆ ಈಗ ಅರ್ಥವಾಗುತ್ತಿದೆ ನೋಡಿ.

ಬೀಳ್ಕೊಡಲು ಬಂದ ನಿಮಗೆಲ್ಲ ನಾನು ಋಣಿ. ನೀವು ಹೊದಿಸಿದ ಕಂಬಳಿಯನ್ನು ಮಾತ್ರ ವಾಪಸ್ ಕೇಳಬೇಡಿ, ಇಲ್ಲಿನ ಚಳಿಗೆ ಬೇಕಾಗುತ್ತದೆ. ದೋನ್ ಕಸಿಮಿರೊ, ಟೋಪಿ ತಿರುಗಿಸುತ್ತ ಕೂತಿದ್ದು ಸಾಕು, ಟ್ರಂಕು ಇಳಿಸಿ. ಎಲ್ಲರಿಗೂ ನಮಸ್ಕಾರ.